ಮೊದಲು ಬಂದೂಕು ಒಪ್ಪಿಸಲಿ, ಆಮೇಲೆ ನಾಮಪತ್ರ ಕೊಡಲಿ

ಗೆ,
ಮಾನ್ಯ ಮುಖ್ಯ ಚುನಾವಣಾ ಆಯುಕ್ತರು,
ಭಾರತ ಚುನಾವಣಾ ಆಯೋಗ, ನವದೆಹಲಿ.

ವಿಷಯ: ಆಯುಧ ಇಟ್ಟುಕೊಂಡಿರುವ ಗುಂಪುಗಳು ಚುನಾವಣೆಗೆ ನಿಲ್ಲುವ ಬಗ್ಗೆ ಸ್ಪಷ್ಟ ನಿಯಮ ಮಾಡಬೇಕೆಂದು ಮನವಿ.

ಮಾನ್ಯರೇ,

ನಾನು ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ನಿವೃತ್ತ ಶಿಕ್ಷಕ. ನೌಕರಿಯಲ್ಲಿದ್ದಾಗ ಪಂಚಾಯಿತಿ ಚುನಾವಣೆಯಿಂದ ಹಿಡಿದು ಲೋಕಸಭೆ ಚುನಾವಣೆವರೆಗೆ ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡಿದ್ದೇನೆ. ಮಸ್ಟರಿಂಗ್ ಕೇಂದ್ರದಲ್ಲಿ ಬಿಸಿಲಲ್ಲಿ ನಿಂತು ಸಾಮಾನು ಎಣಿಸಿಕೊಂಡು, ಬಸ್ಸಿನಲ್ಲಿ ಮತಯಂತ್ರ ತೊಡೆ ಮೇಲೆ ಇಟ್ಟುಕೊಂಡು ಹೋದವನು. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ನನಗೂ ಸ್ವಲ್ಪ ಇದೆ ಅಂದುಕೊಂಡು ಬರೆಯುತ್ತಿದ್ದೇನೆ.

ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಆರು ಮಂದಿ ನಕ್ಸಲರು ಶರಣಾದರು. ಅವರಲ್ಲಿ ಒಬ್ಬರು ನಮ್ಮ ಪಕ್ಕದ ರಾಯಚೂರು ಜಿಲ್ಲೆಯವರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ, ಛತ್ತೀಸಗಢದ ಬಸ್ತರ್‌ನಲ್ಲಿ ಇನ್ನೂ ಬಹಳ ಜನ ಕಾಡು ಬಿಟ್ಟು ಬಂದರು. ಅವತ್ತಿನಿಂದ ನಮ್ಮ ಕಡೆ ಹೋಟೆಲ್‌ನಲ್ಲಿ, ಮೊಬೈಲ್ ಗ್ರೂಪುಗಳಲ್ಲಿ ಒಂದೇ ಜಗಳ. ಇಂಥವರು ನಾಳೆ ಚುನಾವಣೆಗೆ ನಿಲ್ಲಬಹುದಾ? ಕೆಲವರು ಸಾಯುವವರೆಗೂ ಬಿಡಬಾರದು ಅನ್ನುತ್ತಾರೆ. ಇನ್ನು ಕೆಲವರು, ಪ್ರಜಾಪ್ರಭುತ್ವ ಅಂದಮೇಲೆ ಯಾರು ಬೇಕಾದರೂ ನಿಲ್ಲಲಿ, ಬಂದೂಕು ಇದ್ದರೂ ನಿಲ್ಲಲಿ, ಜನ ತೀರ್ಮಾನ ಮಾಡುತ್ತಾರೆ ಅನ್ನುತ್ತಾರೆ. ಎರಡೂ ಮಾತು ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಬಂದೂಕು ಕೈಯಲ್ಲಿ ಇರುವವರೆಗೆ ಯಾರಿಗೂ ಚುನಾವಣೆಗೆ ನಿಲ್ಲಲು ಬಿಡಬಾರದು. ಬಂದೂಕು ಒಪ್ಪಿಸಿ ಬಂದವರಿಗೆ ಬಾಗಿಲು ಮುಚ್ಚಬಾರದು. ಇಷ್ಟನ್ನೇ ತಮ್ಮ ಮುಂದೆ ಇಡುತ್ತೇನೆ.

ನಮ್ಮ ಕಾಕಾನ ಹೊಲ ಗುಡ್ಡದ ಬುಡದಲ್ಲಿದೆ. ಆ ಕಡೆ ಕಾಡುಹಂದಿ, ಕರಡಿ ಕಾಟ ಜಾಸ್ತಿ. ಬೇಸಿಗೆ ಶೇಂಗಾ ಹಾಕಿದರೆ ಒಂದೇ ರಾತ್ರಿಯಲ್ಲಿ ಸಾಲಿಗೆ ಸಾಲೇ ಮಗುಚಿ ಹಾಕಿಬಿಡುತ್ತವೆ. ಅದಕ್ಕೇ ಬೆಳೆ ಕಾಯಲು ಒಂದು ಒಂಟಿ ನಳಿಗೆ ಬಂದೂಕಿಗೆ ಲೈಸೆನ್ಸ್ ಇದೆ. ಹೊಡೆಯುವುದಕ್ಕಿಂತ ಸದ್ದು ಮಾಡುವುದಕ್ಕೇ ಅದು ಜಾಸ್ತಿ ಉಪಯೋಗ. ಚುನಾವಣೆ ಘೋಷಣೆ ಆದ ತಕ್ಷಣ ಠಾಣೆಯಿಂದ ಫೋನ್ ಬರುತ್ತದೆ. ಕಾಕಾ ಬಂದೂಕನ್ನು ಹಳೇ ಪಂಚೆಯಲ್ಲಿ ಸುತ್ತಿ, ಲೈಸೆನ್ಸ್ ಪುಸ್ತಕ ಜೇಬಿಗೆ ಹಾಕಿಕೊಂಡು, ಟಂಟಂ ಹತ್ತಿ ಠಾಣೆಗೆ ಹೋಗುತ್ತಾನೆ. ಅಲ್ಲಿ ನಂಬರ್ ನೋಡಿ, ಚೀಟಿ ಕಟ್ಟಿ, ರಸೀದಿ ಕೊಡುತ್ತಾರೆ. 2024ರ ಲೋಕಸಭೆ ಚುನಾವಣೆಗೆ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು. ನಮ್ಮ ಕೊಪ್ಪಳದಲ್ಲಿ ಮತದಾನ ಮೇ 7ಕ್ಕೆ. ಫಲಿತಾಂಶ ಜೂನ್ 4ಕ್ಕೆ. ಅಷ್ಟು ದಿನ ಬಂದೂಕು ಠಾಣೆಯಲ್ಲೇ. ಆ ಬೇಸಿಗೆ ಕಾಕಾ ರಾತ್ರಿಯೆಲ್ಲ ಡಬ್ಬಿ ಬಡಿದುಕೊಂಡು, ಪಟಾಕಿ ಹಚ್ಚಿಕೊಂಡು ಹೊಲ ಕಾದ. ಹಂದಿ ಒಂದಿಷ್ಟು ತಿಂದವು. ಗೊಣಗಿದ, ಆದರೆ ಕೊಡಲ್ಲ ಅನ್ನಲಿಲ್ಲ. ಎಲೆಕ್ಷನ್ ಅಂದಮೇಲೆ ಕೊಡಬೇಕಪ್ಪ ಅಂತ ಅವನೇ ಹೇಳಿದ.

ಅವನು ಅಭ್ಯರ್ಥಿ ಅಲ್ಲ, ಯಾವ ಪಕ್ಷದ ಕಾರ್ಯಕರ್ತನೂ ಅಲ್ಲ. ಬರೀ ಮತದಾರ. ಅವನಿಗೆ ಈ ನಿಯಮ ಇದೆ. ಹಾಗಿರುವಾಗ ನೂರಾರು ಬಂದೂಕು ಇಟ್ಟುಕೊಂಡ ಒಂದು ಗುಂಪು ತನ್ನದೇ ಪಕ್ಷ ಕಟ್ಟಿಕೊಂಡು, ಇಲ್ಲವೇ ಬೇರೆ ಪಕ್ಷದ ಬೆನ್ನ ಹಿಂದೆ ನಿಂತು, ಕಣಕ್ಕೆ ಇಳಿಯಬಹುದಾ ಅನ್ನುವ ಪ್ರಶ್ನೆಗೆ ನಮ್ಮ ಕಾನೂನಿನಲ್ಲಿ ನೇರ ಉತ್ತರ ಸಿಗುವುದಿಲ್ಲ. ನನ್ನ ದೂರು ಇದೇ.

ಕಾನೂನು ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 134ಬಿ ಕಲಂ ಪ್ರಕಾರ ಮತದಾನದ ದಿನ ಮತಗಟ್ಟೆ ಹತ್ತಿರ ಆಯುಧ ಹಿಡಿದು ಬರುವ ಹಾಗಿಲ್ಲ. ಬಂದರೆ ಎರಡು ವರ್ಷದವರೆಗೆ ಜೈಲು. ಇದನ್ನು ನಾವು ತರಬೇತಿಯಲ್ಲೇ ಕಲಿತಿದ್ದೇವೆ. ಅದೇ ಕಾಯ್ದೆಯ 29ಎ ಕಲಂ ಪ್ರಕಾರ ನೋಂದಣಿ ಬೇಕಾದ ಪಕ್ಷ ಸಂವಿಧಾನಕ್ಕೆ, ಪ್ರಜಾಪ್ರಭುತ್ವಕ್ಕೆ, ದೇಶದ ಏಕತೆಗೆ ನಿಷ್ಠೆ ಇದೆ ಅಂತ ತನ್ನ ನಿಯಮಾವಳಿಯಲ್ಲಿ ಬರೆದುಕೊಡಬೇಕು. ಸರಿ, ಬರೆದುಕೊಡುತ್ತಾರೆ. ಬರೆದುಕೊಟ್ಟ ಮೇಲೆ ಅದರ ಪ್ರಕಾರ ನಡೆಯುತ್ತಿದ್ದಾರಾ ಅಂತ ನೋಡುವವರು ಯಾರು? 2002ರಲ್ಲಿ ಸುಪ್ರೀಂ ಕೋರ್ಟ್, ಇಂಡಿಯನ್ ನ್ಯಾಷನಲ್ ಕಾಂಗ್ರೆಸ್ ಮತ್ತು ಇನ್‌ಸ್ಟಿಟ್ಯೂಟ್ ಆಫ್ ಸೋಷಿಯಲ್ ವೆಲ್‌ಫೇರ್ ನಡುವಿನ ಪ್ರಕರಣದಲ್ಲಿ, ಒಮ್ಮೆ ಕೊಟ್ಟ ನೋಂದಣಿಯನ್ನು ರದ್ದು ಮಾಡುವ ಸಾಮಾನ್ಯ ಅಧಿಕಾರ ಆಯೋಗಕ್ಕೆ ಇಲ್ಲ ಅಂತ ಹೇಳಿತು. ಮೋಸದಿಂದ ನೋಂದಣಿ ಪಡೆದಿದ್ದರೆ, ಸಂವಿಧಾನದ ಮೇಲೆ ನಿಷ್ಠೆ ಇಲ್ಲ ಅಂತ ಪಕ್ಷವೇ ಹೇಳಿದರೆ, ಇಲ್ಲವೇ ಸರ್ಕಾರ ಅದನ್ನು ಕಾನೂನುಬಾಹಿರ ಅಂತ ಸಾರಿದರೆ, ಇಂಥ ಸಂದರ್ಭಗಳಲ್ಲಿ ಮಾತ್ರ ರದ್ದು ಮಾಡಬಹುದು. ಅಂದರೆ ನಿಷೇಧ ಆದ ಗುಂಪಿಗೆ ಬಾಗಿಲು ಮುಚ್ಚಿದೆ. ನಿಷೇಧ ಆಗದೆ, ಕದನ ವಿರಾಮದ ಒಪ್ಪಂದದ ನೆರಳಿನಲ್ಲಿ ಬಂದೂಕು ಇಟ್ಟುಕೊಂಡೇ ಕೂತಿರುವ ಗುಂಪಿನ ಬಗ್ಗೆ ಏನೂ ಇಲ್ಲ.

ಇದು ಸುಮ್ನೆ ಊಹೆಯ ಮಾತಲ್ಲ. ಮಣಿಪುರ ನೋಡಿ. ಅಲ್ಲಿ 2008ರಿಂದ ಕುಕಿ ಬುಡಕಟ್ಟಿನ ಹಲವು ಆಯುಧದ ಗುಂಪುಗಳ ಜೊತೆ ಕಾರ್ಯಾಚರಣೆ ನಿಲ್ಲಿಸುವ ಒಪ್ಪಂದ ಇದೆ. ಗುಂಪಿನವರು ಶಿಬಿರದಲ್ಲಿ ಇರಬೇಕು, ಆಯುಧ ಬೀಗದೊಳಗೆ ಇರಬೇಕು. ಆಯುಧ ಪೂರ್ತಿ ಒಪ್ಪಿಸಿಲ್ಲ, ಇಟ್ಟಿದ್ದಾರೆ ಅಷ್ಟೇ. ಇನ್ನೊಂದು ಕಡೆ, 2024ರ ಜನವರಿ 24ರಂದು ಇಂಫಾಲದ ಕಾಂಗ್ಲಾ ಕೋಟೆಗೆ ಅರಂಬಾಯ್ ತೆಂಗೋಲ್ ಅನ್ನುವ ಮೈತೇಯಿ ಸಮುದಾಯದ ಆಯುಧದ ಗುಂಪು ಜನ ಆರಿಸಿ ಕಳಿಸಿದ ಶಾಸಕರನ್ನೇ ಕರೆಸಿ ಪ್ರಮಾಣ ಮಾಡಿಸಿತು. ವಿಧಾನಸಭೆಯಲ್ಲಿ ಸಂವಿಧಾನದ ಹೆಸರಲ್ಲಿ ಒಮ್ಮೆ ಪ್ರಮಾಣ ಮಾಡಿದವರು, ಬಂದೂಕು ಹಿಡಿದವರ ಮುಂದೆ ಇನ್ನೊಮ್ಮೆ ಮಾಡಿದರು. ಮೂರು ತಿಂಗಳೊಳಗೆ ಏಪ್ರಿಲ್‌ನಲ್ಲಿ ಲೋಕಸಭೆ ಚುನಾವಣೆ. ಒಳ ಮಣಿಪುರ ಕ್ಷೇತ್ರದಲ್ಲಿ ಗುಂಡು ಹಾರಿತು, ಮತಯಂತ್ರ ಒಡೆದರು, 11 ಮತಗಟ್ಟೆಗಳಲ್ಲಿ ತಾವೇ ಮರುಮತದಾನ ಮಾಡಿಸಬೇಕಾಯಿತು. ಅಲ್ಲಿ ಡ್ಯೂಟಿಗೆ ಹೋದವರು ನನ್ನಂಥ ಶಿಕ್ಷಕರೇ ತಾನೇ? ಅವರ ಎದುರು ಬಂದೂಕು ಹಿಡಿದು ನಿಂತರೆ ಅವರ ಕೈಯಲ್ಲಿ ಇರುವುದು ಒಂದು ಪೆನ್ನು, ಒಂದು ರಿಜಿಸ್ಟರು, ಒಂದು ಶಾಯಿ ಬಾಟಲಿ.

ಹೆದರಿಕೆ ಅಂದರೆ ಏನು ಅಂತ ಮತಗಟ್ಟೆಯಲ್ಲಿ ಕೂತವರಿಗೆ ಗೊತ್ತು. ಒಂದು ಊರಿನಲ್ಲಿ ವಯಸ್ಸಾದ ಹೆಣ್ಣುಮಗಳು ಬಂದು ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತಿದಳು. ಬೆರಳಿಗೆ ಶಾಯಿ ಹಚ್ಚಿಸಿಕೊಂಡಳು. ರಟ್ಟಿನ ಮರೆ ಹತ್ತಿರ ಹೋದವಳು ಅಲ್ಲೇ ನಿಂತುಬಿಟ್ಟಳು. ಏನಮ್ಮಾ ಅಂದೆ. ಏಜೆಂಟರು ಕೂತ ಬೆಂಚಿನ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ, "ಯಪ್ಪಾ, ನಾ ಯಾವುದು ಒತ್ತಿದೆ ಅಂತ ಇವರಿಗೆ ಗೊತ್ತಾಗತೈತೇನು?" ಅಂದಳು. ಇಲ್ಲಮ್ಮಾ, ದೇವರಾಣೆ ಯಾರಿಗೂ ಗೊತ್ತಾಗಲ್ಲ ಅಂದೆ. ಆಮೇಲೆ ಹೋಗಿ ಒತ್ತಿದಳು. ಆ ಬೆಂಚಿನ ಮೇಲೆ ಕೂತವರ ಕೈಯಲ್ಲಿ ಕತ್ತಿಯಿಲ್ಲ, ಬಂದೂಕಿಲ್ಲ. ಅವಳು ಕೂಲಿಗೆ ಹೋಗುವ ಮನೆಯ ಹುಡುಗ ಒಬ್ಬ ಅಲ್ಲಿ ಕೂತಿದ್ದ, ಅಷ್ಟೇ. ಅಷ್ಟಕ್ಕೇ ಅವಳ ಕೈ ತಡೆಯಿತು. ಆ ಹುಡುಗನ ಪಕ್ಷಕ್ಕೆ ಕಾಡಿನಲ್ಲಿ ಒಂದು ದಳ ಇದ್ದಿದ್ದರೆ, ನನ್ನ ದೇವರಾಣೆಯನ್ನು ಅವಳು ನಂಬುತ್ತಿದ್ದಳಾ? ಬಸ್ತರ್‌ನಲ್ಲಿ ಮತ ಹಾಕಿದವರ ಬೆರಳು ಕತ್ತರಿಸುತ್ತೇವೆ ಅಂತ ಮಾವೋವಾದಿಗಳು ಬೆದರಿಸಿದಾಗ, ಮತ ಹಾಕುತ್ತೇವೆ, ಶಾಯಿ ಮಾತ್ರ ಹಚ್ಚಬೇಡಿ ಅಂತ ಜನ ಕೇಳಿಕೊಂಡ ಸುದ್ದಿ ಓದಿದ್ದೇನೆ. ನಮ್ಮ ಮೈಸೂರಿನಲ್ಲಿ ತಯಾರಾಗುವ ಶಾಯಿ ಅದು. ಇಲ್ಲಿ ಹುಡುಗರು ಅದೇ ಶಾಯಿ ಹಚ್ಚಿದ ಬೆರಳು ತೋರಿಸಿ ಫೋಟೋ ಹಾಕಿಕೊಳ್ಳುತ್ತಾರೆ.

ಜನ ತೀರ್ಮಾನ ಮಾಡಲಿ ಅನ್ನುವವರಿಗೆ ಲೈಬೀರಿಯಾದ ಕಥೆ ಹೇಳಬೇಕು. ಅಲ್ಲಿ ಏಳು ವರ್ಷ ಅಂತರ್ಯುದ್ಧ ನಡೆಸಿದ ಚಾರ್ಲ್ಸ್ ಟೇಲರ್ 1997ರ ಜುಲೈನಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತ. ನೂರಕ್ಕೆ ಸುಮಾರು 75 ಮತ ಅವನಿಗೇ ಬಿತ್ತು. ಅವನ ಮೇಲಿನ ಪ್ರೀತಿಗೆ ಹಾಕಿದವರು ಎಷ್ಟೋ, ಇವನು ಸೋತರೆ ಮತ್ತೆ ಯುದ್ಧ ಶುರುವಾಗುತ್ತದೆ ಅನ್ನುವ ಭಯಕ್ಕೆ ಹಾಕಿದವರು ಎಷ್ಟೋ. ಗೆದ್ದ ಮೇಲೂ ಯುದ್ಧ ತಪ್ಪಲಿಲ್ಲ. 2003ರಲ್ಲಿ ಅವನು ದೇಶ ಬಿಟ್ಟು ಹೋಗುವವರೆಗೆ ಜನ ಸಾಯುತ್ತಲೇ ಇದ್ದರು. ಜನ ತೀರ್ಮಾನ ಮಾಡಿದರು ಅಂತ ಇದನ್ನು ಹೇಳೋದು ಹೇಗೆ?

ನನ್ನ ಪ್ರಕಾರ ಚುನಾವಣೆಯ ಜೀವ ಇರುವುದು ಗೆಲುವಿನಲ್ಲಿ ಅಲ್ಲ, ಸೋಲಿನಲ್ಲಿ. ಸೋತವನು ಮನೆಗೆ ಹೋಗಬೇಕು. ಐದು ವರ್ಷ ಕಾಯಬೇಕು. ಮತ್ತೆ ಬಂದು ಕೈ ಮುಗಿಯಬೇಕು. ಗೆದ್ದವರು ಯಾರು ಬೇಕಾದರೂ ಪ್ರಜಾಪ್ರಭುತ್ವವನ್ನು ಹೊಗಳುತ್ತಾರೆ. ಮನೆಯಲ್ಲಿ ಬಂದೂಕು ಇದ್ದವನಿಗೆ ಸೋತು ಸುಮ್ಮನಿರಬೇಕಾದ ಕಷ್ಟವೇ ಇಲ್ಲವಲ್ಲ. 1992ರ ಸೆಪ್ಟೆಂಬರ್‌ನಲ್ಲಿ ಅಂಗೋಲಾದಲ್ಲಿ ಇದೇ ಆಯಿತು. ಬಂಡುಕೋರರ ನಾಯಕ ಜೋನಾಸ್ ಸವಿಂಬಿಯ ಯುನಿಟಾ ಪಡೆ ಪೂರ್ತಿ ಚದುರಿರಲಿಲ್ಲ, ಆಯುಧ ಪೂರ್ತಿ ಕೊಟ್ಟಿರಲಿಲ್ಲ, ಆದರೂ ಚುನಾವಣೆ ಮುಗಿಸಿಬಿಡೋಣ ಅಂತ ಅವಸರ ಮಾಡಿದರು. ಸವಿಂಬಿಗೆ ಸುಮಾರು 40 ಪರ್ಸೆಂಟ್ ಮತ ಬಂತು. ಎರಡನೇ ಸುತ್ತಿಗೆ ಹೋಗಬಹುದಿತ್ತು. ಹೋಗಲಿಲ್ಲ. ಎಣಿಕೆ ಮೋಸ ಅಂದ, ಮತ್ತೆ ಯುದ್ಧಕ್ಕೆ ಹೋದ. 2002ರಲ್ಲಿ ಅವನು ಸತ್ತ ಮೇಲೇ ಆ ಯುದ್ಧ ನಿಂತದ್ದು.

ಈಗ ನಮ್ಮದೇ ಮಿಜೋರಾಂ ನೋಡಿ. 1966ರಲ್ಲಿ ಬೇರೆ ದೇಶ ಅಂತ ಘೋಷಣೆ ಮಾಡಿ ಇಪ್ಪತ್ತು ವರ್ಷ ಬಂದೂಕು ಹಿಡಿದ ಮಿಜೋ ನ್ಯಾಷನಲ್ ಫ್ರಂಟ್, 1986ರ ಜೂನ್ 30ಕ್ಕೆ ಒಪ್ಪಂದಕ್ಕೆ ಸಹಿ ಹಾಕಿತು. ಆಯುಧ ಒಪ್ಪಿಸಿದರು, ಬೇರೆ ದೇಶದ ಬೇಡಿಕೆ ಬಿಟ್ಟರು, ಆಮೇಲೆ 1987ರ ಫೆಬ್ರುವರಿಯಲ್ಲಿ ಚುನಾವಣೆಗೆ ನಿಂತರು. ಅವರ ನಾಯಕ ಲಾಲ್‌ಡೆಂಗಾ ಮುಖ್ಯಮಂತ್ರಿ ಆದರು. ನನಗೆ ಮುಖ್ಯ ಅನಿಸುವುದು ಅವರು ಗೆದ್ದದ್ದಲ್ಲ. 1989ರಲ್ಲಿ ಅದೇ ಪಕ್ಷ ಸೋತಿತು. ಯಾರೂ ಕಾಡಿಗೆ ಹೋಗಲಿಲ್ಲ. ಲಾಲ್‌ಡೆಂಗಾ ಜೊತೆ ಕಾಡಿನಲ್ಲಿದ್ದ ಜೋರಾಂಥಂಗಾ ಮುಂದೆ ಮೂರು ಅವಧಿ ಮುಖ್ಯಮಂತ್ರಿ ಆದರು. 2008ರಲ್ಲಿ ಸೋತರು, 2023ರಲ್ಲಿ ಸೋತರು. ಎರಡು ಸಲವೂ ರಾಜೀನಾಮೆ ಕೊಟ್ಟು ಮನೆಗೆ ಹೋದರು. ಕ್ರಮ ತಪ್ಪಲಿಲ್ಲ, ಆದ್ದರಿಂದ ಇದು ಸಾಧ್ಯ ಆಯಿತು. ಮೊದಲು ಬಂದೂಕು, ಆಮೇಲೆ ನಾಮಪತ್ರ.

ಪ್ಯಾಲೆಸ್ತೀನ್‌ನಲ್ಲಿ ಈ ಕ್ರಮ ಉಲ್ಟಾ ಆಯಿತು. 2006ರ ಜನವರಿಯಲ್ಲಿ ಹಮಾಸ್ ಆಯುಧ ಇಟ್ಟುಕೊಂಡೇ ಚುನಾವಣೆಗೆ ನಿಂತು 132ರಲ್ಲಿ 74 ಸ್ಥಾನ ಗೆದ್ದಿತು. ಎದುರಾಳಿ ಪಕ್ಷ ಫತಾಹ್‌ಗೂ ಬಂದೂಕಿನ ಪಡೆ ಇತ್ತು ಅನ್ನುವುದನ್ನು ಮರೆಯಬಾರದು. ಒಂದೂವರೆ ವರ್ಷದೊಳಗೆ, 2007ರ ಜೂನ್‌ನಲ್ಲಿ, ಗಾಜಾದ ಬೀದಿಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಕೊಂದರು. ಅವತ್ತಿನಿಂದ ಅಲ್ಲಿನ ಜನ ಇನ್ನೊಂದು ಸಂಸತ್ ಚುನಾವಣೆ ಕಂಡಿಲ್ಲ. ಅಲ್ಲಿನ ಕಷ್ಟಕ್ಕೆ ಬೇರೆ ಕಾರಣಗಳೂ ಬೇಕಾದಷ್ಟಿವೆ, ಹೊರಗಿನವರ ತಪ್ಪೂ ಇದೆ. ಆದರೆ ಅವತ್ತು ಸರದಿಯಲ್ಲಿ ನಿಂತು ಮತ ಹಾಕಿದವನಿಗೆ ಕೊನೆಗೆ ಸಿಕ್ಕಿದ್ದು ಏನು? ಲೆಬನಾನ್‌ನಲ್ಲೂ ಅಷ್ಟೇ. ಅಂತರ್ಯುದ್ಧ ನಿಲ್ಲಿಸಲು ಮಾಡಿದ 1989ರ ತಾಯಿಫ್ ಒಪ್ಪಂದದ ನಂತರ ಬೇರೆ ಪಡೆಗಳು ಆಯುಧ ಬಿಟ್ಟವು, ಹಿಜ್ಬುಲ್ಲಾ ಇಟ್ಟುಕೊಂಡಿತು, 1992ರಿಂದ ಚುನಾವಣೆಗೂ ನಿಂತಿತು. 2008ರ ಮೇ ತಿಂಗಳಲ್ಲಿ ಸರ್ಕಾರದ ಒಂದು ತೀರ್ಮಾನ ಇಷ್ಟ ಆಗಲಿಲ್ಲ ಅಂತ ಅದರ ಪಡೆ ಬೈರೂತಿನ ಪಶ್ಚಿಮ ಭಾಗವನ್ನೇ ಹಿಡಿದುಕೊಂಡಿತು. ಸರ್ಕಾರ ತೀರ್ಮಾನ ವಾಪಸ್ ತೆಗೆದುಕೊಂಡಿತು. ಸಂಸತ್ತಿನಲ್ಲಿ ಕೈ ಎತ್ತಿ ಸೋತದ್ದನ್ನು ರಸ್ತೆಯಲ್ಲಿ ಗೆಲ್ಲಬಹುದು ಅಂದರೆ ಉಳಿದ ಪಕ್ಷಗಳು ಸಂಸತ್ತಿಗೆ ಹೋಗುವುದು ಯಾಕೆ?

ದೂರದ ದೇಶದ ಮಾತು ಸಾಕು. ನಮ್ಮ ನೆಲದಲ್ಲೇ ಇದಕ್ಕೆ ಉತ್ತರ ಇದೆ, ತಾವು ದಯವಿಟ್ಟು ಇದನ್ನು ಗಮನಿಸಬೇಕು. ಕೊಪ್ಪಳ, ರಾಯಚೂರು 1948ರವರೆಗೆ ನಿಜಾಮನ ಆಡಳಿತದಲ್ಲಿದ್ದವು. ರಜಾಕಾರರ ಹಾವಳಿ ಅಂದರೆ ನಮ್ಮ ಕಡೆ ಈಗಲೂ ವಯಸ್ಸಾದವರು ದನಿ ತಗ್ಗಿಸುತ್ತಾರೆ. ಕಾಸಿಂ ರಜ್ವಿಯ ಪಡೆ ಅದು, ಒಂದು ರಾಜಕೀಯ ಸಂಘಟನೆಯದೇ ಬಂದೂಕಿನ ಕೈ. ಊರುಗಳನ್ನು ಸುಟ್ಟರು, ಸುಲಿದರು. ನಮ್ಮ ತಾಯಿಯ ತವರಿನವರು ಕಾಳು ಕಡಿ ಹಗೇವಿನಲ್ಲಿ ಮುಚ್ಚಿಟ್ಟು, ಮಕ್ಕಳನ್ನು ಕಟ್ಟಿಕೊಂಡು ರಾತ್ರೋರಾತ್ರಿ ಗಡಿ ದಾಟಿ ಗದಗ ಕಡೆ ಹೋದವರು. ಆಗ ಗಡಿಯಾಚೆ ಮುಂಡರಗಿಯಲ್ಲಿ, ಗಜೇಂದ್ರಗಡದಲ್ಲಿ ನಿಜಾಮನ ವಿರುದ್ಧ ಹೋರಾಡುವವರ ಶಿಬಿರಗಳು ಹುಟ್ಟಿದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು ಮುಂದಾಳು. ಇವರೂ ಆಯುಧ ಹಿಡಿದರು. ಹಿಡಿಯದೆ ವಿಧಿಯಿರಲಿಲ್ಲ, ಅಲ್ಲಿ ಮತಪೆಟ್ಟಿಗೆಯೇ ಇರಲಿಲ್ಲ.

1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಶರಣಾಯಿತು. ಶಿಬಿರದ ಕೆಲಸ ಮುಗಿಯಿತು. ಮೊದಲ ಮಹಾಚುನಾವಣೆಯಲ್ಲಿ ಅದೇ ಶಿವಮೂರ್ತಿ ಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದುಹೋದರು. ಶಿಬಿರ ಕಟ್ಟಿದವರು ಶಿಬಿರ ಮುಚ್ಚಿ ಮತ ಕೇಳಲು ಬಂದರು. ಅದೇ ಹೈದರಾಬಾದ್ ರಾಜ್ಯದ ತೆಲಂಗಾಣ ಭಾಗದಲ್ಲಿ ಕಮ್ಯುನಿಸ್ಟರು 1946ರಿಂದ ಜಮೀನ್ದಾರರ ವಿರುದ್ಧ, ನಿಜಾಮನ ವಿರುದ್ಧ, ಆಮೇಲೆ ಭಾರತದ ಸೇನೆಯ ವಿರುದ್ಧವೂ ಬಂದೂಕು ಹಿಡಿದಿದ್ದರು. 1951ರ ಅಕ್ಟೋಬರ್‌ನಲ್ಲಿ ಹೋರಾಟ ನಿಲ್ಲಿಸಿದರು. ಅವರ ಪಕ್ಷಕ್ಕೆ ಅಲ್ಲಿ ನಿಷೇಧ ಇತ್ತು. ಪೀಪಲ್ಸ್ ಡೆಮಾಕ್ರಟಿಕ್ ಫ್ರಂಟ್ ಹೆಸರಿನಲ್ಲಿ ನಿಂತರು. ನಲ್ಗೊಂಡದಿಂದ ರಾವಿ ನಾರಾಯಣ ರೆಡ್ಡಿ ನೆಹರೂ ಅವರಿಗಿಂತ ಜಾಸ್ತಿ ಮತ ಪಡೆದು ಗೆದ್ದರು. ಅವರು ಸಂಸತ್ತಿಗೆ ಹೋಗಿದ್ದರಿಂದ ದೇಶ ಮುಳುಗಲಿಲ್ಲ. ಬದಲಿಗೆ ಉಳುವವನಿಗೆ ಭೂಮಿ ಬೇಕು ಅನ್ನುವ ಮಾತು ಕಾಡಿನಿಂದ ಸದನಕ್ಕೆ ಬಂತು.

ಅದಕ್ಕೇ ನಾನು ಎರಡನೇ ಮಾತನ್ನೂ ಅಷ್ಟೇ ಜೋರಾಗಿ ಹೇಳುತ್ತೇನೆ. ಶರಣಾದವರನ್ನು ಸಾಯುವವರೆಗೂ ಚುನಾವಣೆಗೆ ನಿಲ್ಲಲು ಬಿಡಬಾರದು ಅನ್ನುವುದು ಸರಿಯಲ್ಲ. ನಮ್ಮ ಪಕ್ಕದ ತೆಲಂಗಾಣದಲ್ಲಿ ಸೀತಕ್ಕ ಇದ್ದಾರೆ. ಚಿಕ್ಕ ವಯಸ್ಸಿನಲ್ಲೇ ನಕ್ಸಲ್ ದಳ ಸೇರಿದ ಆದಿವಾಸಿ ಹೆಣ್ಣುಮಗಳು. ಆಯುಧ ಬಿಟ್ಟು ಬಂದು ವಕೀಲಿ ಓದಿದರು, ಮುಲುಗು ಕ್ಷೇತ್ರದಿಂದ ಶಾಸಕಿಯಾದರು, 2023ರ ಡಿಸೆಂಬರ್‌ನಲ್ಲಿ ಮಂತ್ರಿಯಾದರು. ಕೊರೊನಾ ಕಾಲದಲ್ಲಿ ದಿನಸಿ ಮೂಟೆ ಹೊತ್ತು ಕಾಡಿನ ಹಾಡಿಗಳಿಗೆ ನಡೆದುಕೊಂಡು ಹೋದ ಅವರ ಚಿತ್ರಗಳನ್ನು ಇಲ್ಲಿ ಎಲ್ಲರೂ ನೋಡಿದ್ದಾರೆ. ಅವರಿಗೆ ಅವತ್ತು ಬಾಗಿಲು ಮುಚ್ಚಿದ್ದರೆ ಯಾರಿಗೆ ಲಾಭ ಆಗುತ್ತಿತ್ತು? ಕಾಡಿನಲ್ಲೇ ಉಳಿದವರಿಗೆ. ನೋಡಿ, ಹೋದರೂ ನಿಮಗೇನೂ ಸಿಗಲ್ಲ ಅಂತ ಅವರು ಹುಡುಗರಿಗೆ ಹೇಳುತ್ತಿದ್ದರು.

ಕೊಂದವರಿಗೆ ಶಿಕ್ಷೆ ಬೇಡವಾ ಅಂತ ಕೇಳುತ್ತಾರೆ. ಬೇಕು. 2005ರ ಫೆಬ್ರುವರಿಯಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ಶಾಲೆಯಲ್ಲಿ ತಂಗಿದ್ದ ಪೊಲೀಸರನ್ನು ನಕ್ಸಲರು ಕೊಂದರು. ಅವರ ಮನೆಯವರು ಈಗಲೂ ಇದ್ದಾರೆ. ಅವರ ನೋವಿನ ಮುಂದೆ ನಿಂತು ಎಲ್ಲ ಮರೆತುಬಿಡಿ ಅನ್ನುವ ಧೈರ್ಯ ನನಗಿಲ್ಲ, ಹಾಗೆ ಹೇಳುವುದು ಸರಿಯೂ ಅಲ್ಲ. ಕಾನೂನಿನಲ್ಲಿ ದಾರಿ ಇದೆ. ಪ್ರಜಾಪ್ರತಿನಿಧಿ ಕಾಯ್ದೆಯ 8ನೇ ಕಲಂ ಪ್ರಕಾರ ಎರಡು ವರ್ಷ ಅಥವಾ ಜಾಸ್ತಿ ಶಿಕ್ಷೆಯಾದವರು ಜೈಲಿನಿಂದ ಬಂದು ಆರು ವರ್ಷ ಆಗುವವರೆಗೆ ನಿಲ್ಲುವ ಹಾಗಿಲ್ಲ. ಅದು ಇರಲಿ. ತೊಂದರೆ ಇರುವುದು ಕೇಸು ವರ್ಷಗಟ್ಟಲೆ ಎಳೆಯುವುದರಲ್ಲಿ. ಶರಣಾದವನ ಮೇಲೆ ಬೇರೆ ಬೇರೆ ಜಿಲ್ಲೆ, ಬೇರೆ ಬೇರೆ ರಾಜ್ಯದಲ್ಲಿ ಕೇಸು. ಇವತ್ತು ಈ ಕೋರ್ಟು, ನಾಳೆ ಆ ಕೋರ್ಟು. ತಪ್ಪಿತಸ್ಥ ಅಂತಲೂ ಆಗಲ್ಲ, ಬಿಡುಗಡೆಯೂ ಇಲ್ಲ. ಸತ್ತವರ ಮನೆಯವರಿಗೂ ನ್ಯಾಯ ಸಿಗಲ್ಲ.

ಆಯುಧ ಬಿಟ್ಟ ಮೇಲೆ ಜೀವಕ್ಕೆ ಯಾರು ಹೊಣೆ ಅನ್ನುವ ಪ್ರಶ್ನೆಯೂ ಇದೆ, ಇದನ್ನು ನಾನು ಹಗುರ ಮಾಡುವುದಿಲ್ಲ. ಕೊಲಂಬಿಯಾದಲ್ಲಿ 1985ರಲ್ಲಿ ಪೇಟ್ರಿಯಾಟಿಕ್ ಯೂನಿಯನ್ ಅನ್ನುವ ಪಕ್ಷ ಹುಟ್ಟಿತು. ಫಾರ್ಕ್ ಗೆರಿಲ್ಲಾಗಳು ರಾಜಕೀಯಕ್ಕೆ ಬರುವ ದಾರಿ ಅದು. ಆದರೆ ಫಾರ್ಕ್ ಬಂದೂಕು ಕೆಳಗಿಡಲಿಲ್ಲ. ಏಟು ತಿಂದವರು ಬಂದೂಕು ಹಿಡಿಯದ ಪಕ್ಷದವರು. ಖಾಸಗಿ ಪಡೆಗಳು, ಮಾದಕ ವಸ್ತು ದಂಧೆಯವರು, ಸರ್ಕಾರದ ಒಳಗಿನವರೇ ಸೇರಿ ಸಾವಿರಾರು ಜನರನ್ನು ಕೊಂದರು. ಅಧ್ಯಕ್ಷ ಸ್ಥಾನಕ್ಕೆ ನಿಂತ ಇಬ್ಬರನ್ನೂ ಬಿಡಲಿಲ್ಲ. ಒಂದು ಕೈಯಲ್ಲಿ ಪಕ್ಷ, ಒಂದು ಕೈಯಲ್ಲಿ ಬಂದೂಕು ಅಂತ ಹೊರಟರೆ ಪಕ್ಷದ ಕಾರ್ಯಕರ್ತನೂ ಗುರಿಯಾಗುತ್ತಾನೆ ಅನ್ನುವುದು ಇದರ ಒಂದು ಪಾಠ. ಶರಣಾದವರನ್ನು ಸರ್ಕಾರ ಕಾಯದಿದ್ದರೆ ಯಾರೂ ಶರಣಾಗಲ್ಲ ಅನ್ನುವುದು ಇನ್ನೊಂದು. 2016ರ ಒಪ್ಪಂದದ ಮೇಲೆ ಫಾರ್ಕ್ ತನ್ನ ಆಯುಧಗಳನ್ನು ವಿಶ್ವಸಂಸ್ಥೆಯ ಕೈಗೆ ಕೊಟ್ಟಿತು, 2018ರಲ್ಲಿ ಚುನಾವಣೆಗೆ ನಿಂತಿತು. ಒಂದು ಪರ್ಸೆಂಟ್ ಮತವೂ ಬರಲಿಲ್ಲ. ಬಂದೂಕು ಇದ್ದಾಗ ಜನ ನಮ್ಮ ಜೊತೆ ಇದ್ದಾರೆ ಅಂತ ಅರ್ಧ ಶತಮಾನ ಹೇಳಿಕೊಂಡವರಿಗೆ ಜನ ನಿಜವಾಗಿ ಏನಂದರು ಅಂತ ಅವತ್ತು ಗೊತ್ತಾಯಿತು.

ನೇಪಾಳದವರು ಒಂದು ನಡುದಾರಿ ಹಿಡಿದರು. 2006ರ ಒಪ್ಪಂದದ ನಂತರ ಮಾವೋವಾದಿ ಹೋರಾಟಗಾರರು ಶಿಬಿರಗಳಿಗೆ ಹೋದರು. ಆಯುಧಗಳನ್ನು ಕಂಟೇನರ್‌ನಲ್ಲಿಟ್ಟು ಬೀಗ ಹಾಕಿದರು, ಬೀಗದ ಕೈ ಅವರ ಹತ್ತಿರವೇ, ಕಾವಲು ವಿಶ್ವಸಂಸ್ಥೆಯದು. ಸೇನೆಯೂ ಅಷ್ಟೇ ಆಯುಧಗಳಿಗೆ ಬೀಗ ಹಾಕಿತು. 2008ರ ಏಪ್ರಿಲ್‌ನಲ್ಲಿ ಅವರು ಎಲ್ಲರಿಗಿಂತ ದೊಡ್ಡ ಪಕ್ಷವಾಗಿ ಗೆದ್ದರು. ಅವರ ಯುವಕರ ದಳದ ಬೆದರಿಕೆ ಬಗ್ಗೆ ಆಗ ಬಹಳ ದೂರುಗಳು ಬಂದವು. 2012ರ ಹೊತ್ತಿಗೆ ಪಡೆ ಪೂರ್ತಿ ಕರಗಿತು. 2013ರ ಚುನಾವಣೆಯಲ್ಲಿ ಅದೇ ಪಕ್ಷ ಮೂರನೇ ಸ್ಥಾನಕ್ಕೆ ಇಳಿಯಿತು, ಗೊಣಗಿತು, ಆದರೆ ಸದನದಲ್ಲೇ ಉಳಿಯಿತು. ಮಧ್ಯೆ ಕಾವಲು ನಿಲ್ಲಲು ಎರಡೂ ಕಡೆ ನಂಬುವ ಮೂರನೆಯವರು ಇದ್ದರೆ ಇಂಥದ್ದು ಸಾಧ್ಯ ಇರಬಹುದು. ನಮ್ಮಲ್ಲಿ ಅಂಥ ಮೂರನೆಯವರು ಇಲ್ಲ. ಹಾಗಾಗಿ ನಮಗೆ ಆ ದಾರಿ ಬೇಡ.

ಇನ್ನೊಂದು ಮಾತು, ಇದನ್ನು ಬಹಳ ಜನ ಹೇಳುವುದಿಲ್ಲ. ಆಯುಧದ ಗುಂಪು ಅಂದ ತಕ್ಷಣ ಎಲ್ಲರೂ ಕಾಡಿನ ಕಡೆ ಕೈ ತೋರಿಸುತ್ತಾರೆ. ಊರಿನ ಬಂದೂಕು ಯಾಕೆ ಕಾಣುವುದಿಲ್ಲ? ಬಿಹಾರದಲ್ಲಿ ರಣವೀರ ಸೇನೆ ಅನ್ನುವ ಭೂಮಾಲೀಕರ ಪಡೆ 1997ರ ಡಿಸೆಂಬರ್ 1ರ ರಾತ್ರಿ ಲಕ್ಷ್ಮಣಪುರ ಬಾಥೆಯಲ್ಲಿ 58 ದಲಿತರನ್ನು ಕೊಂದಿತು, ಅದರಲ್ಲಿ ಹೆಂಗಸರು ಮಕ್ಕಳು ಎಷ್ಟೋ ಜನ. ಅದರ ಮುಖ್ಯಸ್ಥ ಬ್ರಹ್ಮೇಶ್ವರ ಸಿಂಗ್ 2004ರಲ್ಲಿ ಜೈಲಿನಿಂದಲೇ ಆರಾ ಲೋಕಸಭಾ ಕ್ಷೇತ್ರಕ್ಕೆ ನಿಂತ. ಛತ್ತೀಸಗಢದಲ್ಲಿ ಮಾವೋವಾದಿಗಳ ವಿರುದ್ಧ ಸಲ್ವಾ ಜುಡುಂ ಹೆಸರಿನಲ್ಲಿ ಸರ್ಕಾರವೇ ಆದಿವಾಸಿ ಹುಡುಗರ ಕೈಗೆ ಬಂದೂಕು ಕೊಟ್ಟಿತ್ತು. ಅದು ಸಂವಿಧಾನಕ್ಕೆ ವಿರುದ್ಧ ಅಂತ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅದನ್ನು ಮುಂದೆ ನಿಂತು ನಡೆಸಿದವರಲ್ಲಿ ಶಾಸಕರೂ ಇದ್ದರು. ಹಾಗಾಗಿ ನಿಯಮ ಮಾಡುವಾಗ ಕೆಂಪು ಬಾವುಟಕ್ಕೆ ಒಂದು, ಜಾತಿ ಸೇನೆಗೆ ಒಂದು, ಗಣಿ ದುಡ್ಡಿನ ಗನ್‌ಮ್ಯಾನ್‌ಗಳಿಗೆ ಒಂದು ಅಂತ ಮಾಡಬೇಡಿ. ಯಾರ ಕೈಯಲ್ಲಿದ್ದರೂ ಬಂದೂಕು ಬಂದೂಕೇ.

ಮಾನ್ಯರೇ, ನನ್ನ ಬೇಡಿಕೆಗಳು ದೊಡ್ಡವಲ್ಲ. ಪಕ್ಷ ನೋಂದಣಿಗೆ ಅರ್ಜಿ ಬಂದಾಗ ಸಂವಿಧಾನಕ್ಕೆ ನಿಷ್ಠೆ ಅನ್ನುವ ಒಂದು ಸಾಲು ಸಾಲದು. ಪಕ್ಷಕ್ಕೆ, ಅದರ ಅಂಗ ಸಂಸ್ಥೆಗೆ, ಅದಕ್ಕೆ ಬೆಂಬಲ ಘೋಷಿಸಿದ ಯಾವುದೇ ಗುಂಪಿಗೆ ಆಯುಧದ ಪಡೆ ಇಲ್ಲ ಅಂತ ಪದಾಧಿಕಾರಿಗಳು ಪ್ರಮಾಣಪತ್ರ ಕೊಡಬೇಕು. ಹಿಂದೆ ಪಡೆ ಇದ್ದರೆ, ಅದನ್ನು ಒಪ್ಪಿಸಿದ ದಾಖಲೆ ಕೊಡಬೇಕು. ಈ ದಾಖಲೆಯನ್ನು ಬರೀ ಪೊಲೀಸರ ಮಾತಿನ ಮೇಲೆ ಬಿಡಬೇಡಿ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಶರಣಾದವರು ಆಯುಧ ತಂದಿರಲಿಲ್ಲ. ಆಮೇಲೆ ಅವು ಚಿಕ್ಕಮಗಳೂರಿನ ಕಾಡಿನಲ್ಲಿ ಸಿಕ್ಕವು ಅಂತ ಪೊಲೀಸರು ಹೇಳಿದರು. ಎಷ್ಟಿತ್ತು, ಎಷ್ಟು ಸಿಕ್ಕಿತು ಅಂತ ಜನ ಇನ್ನೂ ಕೇಳುತ್ತಾರೆ. ಉತ್ತರ ಐರ್ಲೆಂಡ್‌ನಲ್ಲಿ 2005ರಲ್ಲಿ ಐಆರ್‌ಎ ಅನ್ನುವ ಬಂಡುಕೋರರ ಪಡೆ ತನ್ನ ಆಯುಧ ನಾಶ ಮಾಡುವಾಗ ಕೆನಡಾದ ನಿವೃತ್ತ ಸೇನಾಧಿಕಾರಿಯ ಸ್ವತಂತ್ರ ಆಯೋಗ ಎಣಿಸಿತು, ಜೊತೆಗೆ ಇಬ್ಬರು ಧರ್ಮಗುರುಗಳು ಸಾಕ್ಷಿಯಾಗಿ ನಿಂತರು, ಒಬ್ಬರು ಕ್ಯಾಥೊಲಿಕ್, ಒಬ್ಬರು ಪ್ರೊಟೆಸ್ಟೆಂಟ್. ನಮ್ಮಲ್ಲೂ ಒಬ್ಬ ನಿವೃತ್ತ ನ್ಯಾಯಾಧೀಶರು, ಎರಡೂ ಕಡೆಯವರು ಒಪ್ಪುವ ಒಬ್ಬಿಬ್ಬರು ಹಿರಿಯರು ಕೂತು ಎಣಿಸಿ ಸಹಿ ಹಾಕಲಿ.

ಸುಳ್ಳು ಪ್ರಮಾಣಪತ್ರ ಕೊಟ್ಟರೆ, ಇಲ್ಲವೇ ನೋಂದಣಿ ಆದಮೇಲೆ ಪಡೆ ಕಟ್ಟಿದರೆ, ವಿಚಾರಣೆ ನಡೆಸಿ ನೋಂದಣಿ ರದ್ದು ಮಾಡುವ ಅಧಿಕಾರ ತಮಗೆ ಬೇಕು. ಅದಕ್ಕೆ ಕಾಯ್ದೆ ತಿದ್ದುಪಡಿ ಆಗಬೇಕು, ಅದನ್ನು ಸಂಸತ್ತು ಮಾಡಬೇಕು. ತಾವು ಸರ್ಕಾರಕ್ಕೆ ಬರೆದು ಕೇಳಬೇಕು, ಬರೆದದ್ದನ್ನು ಜನರಿಗೂ ತಿಳಿಸಬೇಕು. ಆದರೆ ಈ ಅಧಿಕಾರವನ್ನು ಆಳುವ ಪಕ್ಷ ತನಗಾಗದವರ ಮೇಲೆ ಬಳಸದಂತೆ, ತಮ್ಮ ತೀರ್ಮಾನವನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸುವ ಅವಕಾಶ ಇರಬೇಕು. ಪ್ರತಿಭಟನೆ ಮಾಡುವವರನ್ನು, ಕಬ್ಬಿನ ಬಿಲ್ಲಿಗೆ, ನಾಲೆ ನೀರಿಗೆ ರಸ್ತೆಗೆ ಇಳಿಯುವ ರೈತರನ್ನು ಆಯುಧದ ಗುಂಪು ಅಂತ ಯಾರೋ ಕರೆದುಬಿಟ್ಟರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಬಾಯಿಂದ ಬೈಯುವುದು ಬೇರೆ, ಬಂದೂಕು ಬೇರೆ.

ಆಯುಧ ಒಪ್ಪಿಸಿದ್ದಕ್ಕೆ ಸಾಕ್ಷಿ ಸಹಿ ಬಿದ್ದ ದಿನದಿಂದ ಆ ವ್ಯಕ್ತಿಗೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು, ಸಂಘ ಪಕ್ಷ ಸೇರಲು, ಕೋರ್ಟು ಶಿಕ್ಷೆ ಕೊಡದಿದ್ದರೆ ನಾಮಪತ್ರ ಕೊಡಲು ಯಾವ ಅಧಿಕಾರಿಯೂ ಅಡ್ಡ ಬರಬಾರದು. ಅವರ ಕೇಸುಗಳನ್ನು ವಿಶೇಷ ಕೋರ್ಟಿನಲ್ಲಿ ಒಂದೇ ಕಡೆ, ಗಡುವು ಹಾಕಿ ಮುಗಿಸುವಂತೆ ಸರ್ಕಾರಗಳಿಗೆ ತಾವು ಶಿಫಾರಸು ಮಾಡಬೇಕು. ಚುನಾವಣೆಗೆ ನಿಂತರೆ ಭದ್ರತೆ ಕೊಡಬೇಕು. ಮಣಿಪುರದಂಥ ಕಡೆ, ಒಪ್ಪಂದದ ಪ್ರಕಾರ ಬೀಗದೊಳಗೆ ಇರಬೇಕಾದ ಆಯುಧಗಳನ್ನು ಮುಂದಿನ ಚುನಾವಣೆ ಘೋಷಣೆಗೆ ಮೊದಲು ತಮ್ಮ ವೀಕ್ಷಕರೇ ಹೋಗಿ ಎಣಿಸಬೇಕು. ಲೆಕ್ಕ ತಪ್ಪಿದರೆ ಆ ಗುಂಪು ಬೆಂಬಲಿಸುವ ಅಭ್ಯರ್ಥಿಗಳಿಗೆ ಮೊದಲೇ ನೋಟಿಸ್ ಹೋಗಬೇಕು.

ನಮ್ಮ ಠಾಣೆಯಲ್ಲಿ ಕಾಕಾನಂಥ ರೈತರ ಬಂದೂಕಿಗೆ ನಂಬರ್ ಇದೆ, ಚೀಟಿ ಇದೆ, ರಸೀದಿ ಇದೆ. ಇದೇ ಪದ್ಧತಿ ಎಲ್ಲರಿಗೂ ಬರಲಿ ಅಂತ ಕೇಳುತ್ತಿದ್ದೇನೆ. ಈ ಪತ್ರದ ಪ್ರತಿಯನ್ನು ಕೇಂದ್ರ ಕಾನೂನು ಸಚಿವರಿಗೆ, ರಾಜ್ಯ ಚುನಾವಣಾ ಆಯೋಗಕ್ಕೆ, ಕೊಪ್ಪಳ, ರಾಯಚೂರು, ಬಳ್ಳಾರಿಯ ಲೋಕಸಭಾ ಸದಸ್ಯರಿಗೆ ಕಳಿಸುತ್ತಿದ್ದೇನೆ. ಮೂವರು ಸಂಸದರೂ ಸಂಸತ್ತಿನಲ್ಲಿ ಈ ಬಗ್ಗೆ ಒಂದು ಪ್ರಶ್ನೆಯನ್ನಾದರೂ ಕೇಳಬೇಕು ಅಂತ ಅವರಲ್ಲೂ ವಿನಂತಿ. ತಮ್ಮಿಂದ ಲಿಖಿತ ಉತ್ತರ ನಿರೀಕ್ಷಿಸುತ್ತೇನೆ. ಬಂದ ಉತ್ತರವನ್ನು ಇದೇ ರೀತಿ ಎಲ್ಲರ ಮುಂದೆ ಇಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ ಮತ್ತು ಮತದಾರ,
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ